ನಡುವೆ ಏಳಬಾರದ ಊಟ

ಎರಡು ತಿಂಗಳ ಹಿಂದೆ ಬೆಟ್ಟಂಪಾಡಿಯ ಒಂದು ಉಪನಯನದ ಊಟದಲ್ಲಿ ನಾನೊಂದು ಜೋಕು ಹೊಡೆದೆ. ಇಡೀ ಪಂಕ್ತಿ ನಕ್ಕಿತು. ಆ ಜೋಕನ್ನು ನಾನು ಮತ್ತೆ ಎಲ್ಲೂ ಹೇಳಿಲ್ಲ.

ಜೋಕು ಅರಂತೋಡಿನ ಭಾವನ ಮೇಲೆ. ನನ್ನ ಅಕ್ಕನ ಗಂಡ. (ಭಾವನನ್ನು ಕಾಡದಿದ್ದರೆ ಭಾವಮೈದುನ ಎಂಬವನು ಇರುವುದು ಯಾತಕ್ಕೆ?) ಹೋಳಿಗೆ ತಿನ್ನುವುದರಲ್ಲಿ ಅವರನ್ನು ಸೋಲಿಸಿದವರಿಲ್ಲ. ದೀಪಾವಳಿಗೆ ಮುಂಚೆ ಮಂಗಳೂರಿನಲ್ಲಿ ಅವರಿಗೆ ದೊಡ್ಡ ಆಪರೇಷನ್ ಆಗಿತ್ತು. ಹೊಟ್ಟೆಯದ್ದು ಎಂದಷ್ಟೇ ನಮಗೆ ಗೊತ್ತು.

ಅಂದು ಭಾವ ಪಂಕ್ತಿಗೆ ಬರಲೊಪ್ಪಲಿಲ್ಲ. "ಬಡಿಸುವವರ ಒಟ್ಟಿಗೆ ಕೂತುಕೊಳ್ತೇನೆ" ಎಂದರು. ನಾನು ಬಿಡಬೇಕಲ್ಲ? "ಮಂಗಳೂರು ನೋಡಿ ಬಂದ ಮೇಲೆ ನಾವೆಲ್ಲ ಬೇಡವಾದೆವಾ ಭಾವ?" ಎಂದು ಕೈ ಹಿಡಿದೆಳೆದು ನನ್ನ ಪಕ್ಕದ ಎಲೆಗೆ ಕೂರಿಸಿದೆ.

ಸಾರು ಬರುವ ಹೊತ್ತಿಗೆ ಅವರ ಹೊಟ್ಟೆಯ ಕಡೆಯಿಂದ ಸದ್ದು ಬಂತು. ಸಣ್ಣದಲ್ಲ. "ಭಾವನ ಹೊಟ್ಟೆ ಈಗಲೇ ಪಾಯಸ ಕೇಳ್ತಾ ಉಂಟು" ಎಂದೆ. ಅದೇ ಜೋಕು. ಭಾವನೂ ನಕ್ಕರು. ಶಾಲನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ವಾಸನೆ. ಯಾರೋ ಚಪ್ಪರದ ಹಿಂದಿನ ಚರಂಡಿಯನ್ನು ಬೈದರು.

ನಮ್ಮ ಪಂಕ್ತಿಯ ಕ್ರಮ ನಿಮಗೆ ಗೊತ್ತು. ಒಬ್ಬ ನಡುವೆ ಎದ್ದರೆ ಉಳಿದವರ ಊಟವೂ ಅಲ್ಲಿಗೆ ಮುಗಿಯಿತು. ಕಡೆಯ ಅಜ್ಜ ಮಜ್ಜಿಗೆ ಅನ್ನ ಮುಗಿಸುವವರೆಗೂ ಭಾವ ಕದಲಲಿಲ್ಲ. ಆಮೇಲೆ ಎಲೆಯಡಿಕೆಗೂ ನಿಲ್ಲದೆ ಹೊರಟುಹೋದರು.

ಇಷ್ಟು ಬಿಗುಮಾನವೇ ಎಂದು ಸಿಟ್ಟಿನಲ್ಲೇ ಮರುವಾರ ಅರಂತೋಡಿನ ಬಸ್ಸು ಹತ್ತಿದೆ. ಅಕ್ಕ ನನ್ನನ್ನು ಬಚ್ಚಲುಮನೆಯ ಹಿಂದಕ್ಕೆ ಕರೆದೊಯ್ದಳು. ಹಗ್ಗದ ಮೇಲೆ ಕುದಿಸಿ ಒಗೆದ ಹಳೆ ಪಂಚೆಯ ತುಂಡುಗಳು. ಪಕ್ಕದಲ್ಲಿ ಬೆಲ್ಟು ಇದ್ದ ಒಂದು ರಬ್ಬರ್ ಚೀಲ.

"ಇನ್ನು ಅವರಿಗೆ ಹಿಂದಿನಿಂದ ಹೋಗ್ಲಿಕ್ಕಿಲ್ಲ. ಆಪರೇಷನ್ ಮಾಡಿ ಇಲ್ಲಿ ದಾರಿ ಬಿಟ್ಟಿದ್ದಾರೆ, ಎಲ್ಲ ಇಲ್ಲಿಂದ" ಎಂದು ತನ್ನ ಹೊಟ್ಟೆಯ ಎಡಬದಿ ಮುಟ್ಟಿ ತೋರಿಸಿದಳು. "ತಡೆದು ಇಟ್ಟುಕೊಳ್ಳಲಿಕ್ಕೆ ಆಗುದಿಲ್ಲ. ಬಂದಾಗ ಬರ್ತದೆ. ಚೀಲ ಮದರಾಸಿನಿಂದ ತರಿಸಿದ್ದು, ಒಂದೇ ಉಂಟು. ಅದು ತೊಳೆದು ಒಣಗುವವರೆಗೆ ಬಟ್ಟೆ."

ದಿನಕ್ಕೆ ಮೂರು ಸಲ ಆ ಜಾಗವನ್ನು ಬೆಚ್ಚಗಿನ ನೀರಲ್ಲಿ ತೊಳೆಯಬೇಕು. ಉಜ್ಜದೆ ಒತ್ತಿ ಒರೆಸಬೇಕು. ಬಿಳಿ ಮುಲಾಮು ಹಚ್ಚಬೇಕು. ಆದರೂ ಸುತ್ತಲಿನ ಚರ್ಮ ಕೆಂಪಾಗಿ ಉರಿಯುತ್ತದಂತೆ. ಬೆಟ್ಟಂಪಾಡಿಗೆ ಹೊರಡುವ ಹಿಂದಿನ ದಿನವೇ ಭಾವ ಊಟ ಬಿಟ್ಟಿದ್ದರಂತೆ, ಖಾಲಿ ಹೊಟ್ಟೆ ಸುಮ್ಮನಿರುತ್ತದೆ ಎಂದು.

"ಹಸಿದರೆ ಗ್ಯಾಸು ಜಾಸ್ತಿ ಅಂತ ಡಾಕ್ಟರು ಹೇಳಿದ್ರು. ಇವರು ಕೇಳುದಿಲ್ಲ."

"ಡಾಕ್ಟರು ಮತ್ತೆಂತ ಹೇಳಿದ್ರು?"

"ಹೊತ್ತಿಗೆ ಸರಿಯಾಗಿ ಉಣ್ಣಿ, ಎಲ್ಲರ ಒಟ್ಟಿಗೆ ಕೂತು ಉಣ್ಣಿ, ನಾಚಬೇಡಿ ಅಂತ. ಪಂಕ್ತಿಯಿಂದ ನಡುವೆ ಏಳ್ಲಿಕ್ಕಿಲ್ಲ ಅಂತ ಆ ಡಾಕ್ಟರಿಗೆ ಗೊತ್ತುಂಟಾ?"

ನಾನು ಅತ್ತೆ. (ಗಂಡಸು ಅತ್ತದ್ದನ್ನು ಪೇಪರಿನಲ್ಲಿ ಬರೆಯಬಾರದೇ? ಬರೆದೆ.)

ಮೊನ್ನೆ ನನ್ನ ಮಗಳ ಮದುವೆಗೆ ಹೇಳಲು ಮತ್ತೆ ಹೋದೆ. ತಪ್ಪಾಯಿತು ಎಂದೆ. "ಬಾಗಿಲ ಬದಿಯ ಎಲೆ ನಿಮಗೆ. ನೀವು ಎದ್ದರೆ ನಾನೂ ಏಳ್ತೇನೆ ಭಾವ."

"ನೀನು ಏಳ್ತಿ ಮಾರಾಯ. ಉಳಿದವರ ಊಟ ನಾನು ಯಾಕೆ ಹಾಳು ಮಾಡುದು?" ದನಿಯಲ್ಲಿ ಸಿಟ್ಟಿರಲಿಲ್ಲ. ಒಂದೆರಡು ಬೈಗಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನಾನು ಹೊರಟು ಚಪ್ಪಲಿ ಹಾಕುವಾಗ ಭಾವ ಕೇಳಿದರು, "ಪಾಯಸ ಎಂತದ್ದು?"

"ಕಡಲೆಬೇಳೆಯದ್ದು."

"ಬೆಲ್ಲಕ್ಕೆ ಕಂಜೂಸು ಮಾಡ್ಬೇಡ."

ನನಗೆ ಅಲ್ಲಿಂದ ಹೋಗಲಾಗಲಿಲ್ಲ. ಇದನ್ನೆಲ್ಲ ಅಂಕಣದಲ್ಲಿ ಬರೆಯಲೇ ಎಂದು ಕೇಳಿದೆ. ಭಾವ ಅಕ್ಕನ ಮುಖ ನೋಡಿದರು.

"ಬರಿ" ಎಂದರು. "ನನಗೆ ಬಾಯಲ್ಲಿ ಹೇಳ್ಲಿಕ್ಕೆ ಆಗುದಿಲ್ಲ."

ಮದುವೆ ಬರುವ ಗುರುವಾರ. ಬರುವವರಲ್ಲಿ ಈ ಅಂಕಣ ಓದುವವರು ತುಂಬ ಮಂದಿ ಇದ್ದೀರಿ. ಬಾಗಿಲ ಬದಿಯ ಎಲೆಯಿಂದ ಒಬ್ಬರು ನಡುವೆ ಎದ್ದು ಹೋದರೆ, ನೀವು ತಲೆ ಎತ್ತದೆ ಉಣ್ಣುತ್ತ ಕೂತಿರಬಲ್ಲಿರಾ?