ವಿಮಾನ ಹತ್ತುವ ನಾಯಿಗೆ ದೃಷ್ಟಿ ತೆಗೆದದ್ದು

ಮಕ್ಕಳೇ, ನಾವೆಲ್ಲ ಜರ್ಮನಿಗೆ ಹೊರಡುವ ವಾರ ನಿಮಗಿದ್ದದ್ದು ಒಂದೇ ಚಿಂತೆ. ನಮ್ಮ ನಾಯಿ ಆರೋಗ್ಯವಾಗಿದೆ ಎಂದು ಡಾಕ್ಟರು ಬರೆದುಕೊಡದಿದ್ದರೆ ಅದನ್ನು ವಿಮಾನ ಹತ್ತಿಸುತ್ತಿರಲಿಲ್ಲ. ಮಹದೇವಪುರದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕವರೆಲ್ಲ “ಫಾರಿನ್ ನಾಯಿ ಕಣ್ರೀ!” ಎಂದು ಅದನ್ನು ಮುದ್ದಾಡುವುದು ನೋಡಿ, ದೃಷ್ಟಿ ತಾಗೀತೆಂದು ನನಗೆ ಭಯವಾಯಿತು. ಡಾಕ್ಟರು ಮನೆಗೆ ಬರುವ ಬೆಳಿಗ್ಗೆ, ಯಾರಿಗೂ ಹೇಳದೆ, ನಾಯಿಗೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕಾದ ಬಾಣಲೆಗೆ ಹಾಕಿಬಿಟ್ಟೆ.

ಅಷ್ಟರಲ್ಲೇ ಬೆಲ್ ಆಯಿತು. ನಾಯಿ ಸೀನಿತು, ಮತ್ತೆ ಮತ್ತೆ ಸೀನಿತು.

“ನೆಗಡಿ ಇದ್ದಂಗಿದೆಯಲ್ಲಮ್ಮಾ, ಹೆಂಗೆ ಕಳ್ಸೋದು ಇದನ್ನ?” ಎನ್ನುತ್ತಲೇ ಡಾಕ್ಟರೂ ಸೀನಿದರು. ನೀವೂ ಸೀನಿದಿರಿ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಣಲೆ ತೋರಿಸಿದೆ.

“ನಾಯಿಗೂ ದೃಷ್ಟಿ ತೆಗೀತೀರಾ!” ಎಂದು ನಗುತ್ತಾ ಅವರು ಬಾಲ್ಕನಿಗೆ ಓಡಿದರು. ನಾಯಿಯೂ ಹಿಂದೆಯೇ ಓಡಿತು. ಗಾಳಿ ಬಡಿದದ್ದೇ ಇಬ್ಬರ ಸೀನೂ ನಿಂತಿತು. ಪರೀಕ್ಷೆ ಮುಗಿಸಿ ಸಹಿ ಹಾಕುತ್ತಾ ಕೇಳಿದರು, “ಇಷ್ಟು ಘಾಟು ಬಂದ್ರೆ ಏನಮ್ಮಾ ಅರ್ಥ?”

ಹೊರಗಿನವರೆದುರು ಬಾಯಿ ಬಿಡದ ನಾನು ಹೇಳಿಯೇಬಿಟ್ಟೆ, “ದೃಷ್ಟಿನೇ ಆಗಿಲ್ಲ ಅಂತ, ಸಾರ್.”

“ಸದ್ಯ, ನನಗೂ ಆಗಿಲ್ಲ ಬಿಡಿ!” ಎಂದು ಅವರು ಇನ್ನೊಮ್ಮೆ ಸೀನಿದರು.