ಸುರುಳಿಯನ್ನು ಸಾಫ್ ಮಾಡಿದವರು

ಅಪ್ಪನ ಕೈನಡುಕಕ್ಕೆ ಶಿವಮೊಗ್ಗದ ಡಾಕ್ಟರೊಬ್ಬರ ಔಷಧಿ. ಪ್ರತಿ ಸಲ ಭದ್ರಾವತಿಯಿಂದ ಬರಬೇಡಿ, ಹಾಳೆಯ ಮೇಲೆ ಅವರ ಕೈಯಲ್ಲಿ ಒಂದು ಸುರುಳಿ ಬರೆಸಿ, ಸ್ಕ್ಯಾನ್ ಮಾಡಿ ಕಳಿಸಿ, ಗೆರೆ ಎಷ್ಟು ನಡುಗಿದೆ ನೋಡಿ ಮಾತ್ರೆ ಹೆಚ್ಚುಕಡಿಮೆ ಮಾಡುತ್ತೇನೆ ಎಂದಿದ್ದರು. ಮೊಬೈಲ್ ಫೋಟೋ ವಾರೆಯಾಗುತ್ತದೆ, ಬೇಡ ಎಂದೂ ಹೇಳಿದ್ದರು.

ನಮ್ಮ ಬೀದಿಯ ಜೆರಾಕ್ಸ್ ಅಂಗಡಿಗೂ ಹಿಟ್ಟಿನ ಗಿರಣಿಗೂ ಒಂದೇ ಗೋಡೆ. ಗಿರಣಿ ತಿರುಗಿದರೆ ಸ್ಕ್ಯಾನರ್ ಇಟ್ಟ ಮೇಜು ಅದುರುತ್ತದೆ, ನೆಟ್ಟಗಿನ ಗೆರೆ ಗರಗಸದ ಹಲ್ಲಾಗಿ ಬರುತ್ತದೆ. ಅಂಗಡಿಯವನು ಉಪಾಯ ಕಂಡುಕೊಂಡಿದ್ದ: ಹಾಳೆಯ ಪಕ್ಕ ಸ್ಟೀಲ್ ಸ್ಕೇಲ್ ಇಡುವುದು, ಆಮೇಲೆ ಕಂಪ್ಯೂಟರಿನಲ್ಲಿ ಸ್ಕೇಲಿನ ಅಂಚು ನೆಟ್ಟಗಾಗುವ ತನಕ ಇಡೀ ಚಿತ್ರವನ್ನು ಸರಿಪಡಿಸುವುದು. ಉಪಾಯ ಒಳ್ಳೆಯದೇ. ಅವನು ಅಲ್ಲಿಗೆ ನಿಲ್ಲಲಿಲ್ಲ.

ಅಲ್ಲಿ ಸ್ಕ್ಯಾನ್ ಮಾಡಿಸಿ ಕಳಿಸಿದ ಅಪ್ಪನ ಸುರುಳಿಗೆ ಡಾಕ್ಟರ ಉತ್ತರ ಬಂತು: ಬಹಳ ಸುಧಾರಿಸಿದೆ, ಮಾತ್ರೆ ಅರ್ಧ ಮಾಡಿ. ಮಾಡಿದೆವು. ಅಪ್ಪನಿಗೆ ಅಂಗಿಯ ಗುಂಡಿ ಹಾಕಲಾಗದಾಯಿತು. ಬಿಸಿ ಕಾಫಿ ಎದೆಯ ಮೇಲೆ ಚೆಲ್ಲಿತು. ಮೊದಲು ಗುಂಡಿಯೋ ಕಾಫಿಯೋ, ಖಚಿತವಿಲ್ಲ. ಕ್ರಮವಾಗಿ ಜೋಡಿಸಿಕೊಡುವ ನೆನಪನ್ನು ನಾನು ನಂಬುವುದಿಲ್ಲ. ಕಳಿಸಿದ ಚಿತ್ರ ತೆರೆದು ನೋಡಿದೆ. ಸುರುಳಿ ಎಣ್ಣೆ ಹಚ್ಚಿದಷ್ಟು ನುಣುಪು.

ಅಂಗಡಿಗೆ ನುಗ್ಗಿದೆ.

"ಸ್ಕೇಲ್ ನೆಟ್ಟಗಾದ್ರೂ ಸುರುಳಿ ನಡುಗ್ತಾನೇ ಇತ್ತು ಮಾರಾಯ್ರೇ. ಗಿರಣಿದು ಇನ್ನೂ ಉಳ್ಕೊಂಡಿದೆ ಅಂತ ನಾನೇ ಕೂತು ಸಾಫ್ ಮಾಡ್ದೆ."

"ಗಿರಣಿದಲ್ಲ ಕಣ್ರೀ ಅದು, ನಮ್ಮಪ್ಪಂದು!"

"ಹಂಗಂತ ಮೊದ್ಲೇ ಹೇಳ್ಬೇಕಿತ್ತು. ಗಲೀಜು ಗೆರೆ ಕಳ್ಸಿದ್ರೆ ನನ್ ಅಂಗ್ಡಿ ಹೆಸ್ರು ಏನಾಗುತ್ತೆ?"

ಗಿರಣಿ ನಿಲ್ಲಿಸಿ, ಈಗಲೇ ಇನ್ನೊಂದು ಸ್ಕ್ಯಾನ್ ಆಗಬೇಕು ಎಂದು ಕೂಗಿದೆ. ರಾಗಿ ಡಬ್ಬಿ ಹಿಡಿದು ಸರದಿಯಲ್ಲಿದ್ದ ಹೆಂಗಸು ತಿರುಗಿದರು. "ನಿಲ್ಸ್ಲಿ ಬಿಡಿ. ಮುದ್ದೆ ನಿಮ್ಮನೆಗೇ ಬಂದು ತಿಂತೀವಿ."

ಯಾರೂ ಕೆಟ್ಟವರಲ್ಲ. ಅದಕ್ಕೇ ಮೈ ಉರಿಯಿತು.

ಡಾಕ್ಟರು ಫೋನಿನಲ್ಲಿ, ನೋಡದೆ ಮಾತ್ರೆ ಹೆಚ್ಚಿಸಲಾರೆ, ಹೊಸ ಸುರುಳಿ ಕಳಿಸಿ ಎಂದರು. ಮನೆಗೆ ಹೋಗಿ ಅಪ್ಪನ ಮುಂದೆ ಹಾಳೆ ಇಟ್ಟೆ. ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಉಸಿರು ಬಿಗಿಹಿಡಿದು, ಎಡಗೈಯಿಂದ ಬಲ ಮಣಿಕಟ್ಟನ್ನು ಅಮುಕಿ ಬರೆಯತೊಡಗಿದರು. ಗೆರೆ ಹೆಚ್ಚುಕಡಿಮೆ ನುಣುಪಾಗೇ ಬರುತ್ತಿತ್ತು.

"ಕೈ ಬಿಡಿ ಅಪ್ಪ."

"ಡಾಕ್ಟ್ರು ನೋಡ್ತಾರಲ್ಲೋ, ಚೆಂದಾಗಿರ್ಲಿ."

"ಚೆಂದ ಬೇಡ! ನಡುಗ್ಲಿ! ಇದ್ದಂಗೆ ಬರ್ಲಿ!"

ಅರಚಿದೆ. ಅವರ ಎಡಗೈಯನ್ನು ಎಳೆದು ನನ್ನ ಕೈಯೊಳಗೆ ಬಿಗಿಹಿಡಿದೆ. ಅಪ್ಪ ನನ್ನ ಮುಖ ನೋಡಲಿಲ್ಲ. ಪೆನ್ನು ಹಾಳೆಯ ಮೇಲೆ ಟಕಟಕ ಬಡಿಯುತ್ತ ಮುಂದೆ ಹೋಯಿತು.