ಆರಿಫಾ ಆಂಟಿ ಒಳಗೆ ಬಿಟ್ಟ ನಾಳೆ

ಅಮೆರಿಕದ ಫುಟ್‌ಬಾಲ್‌ನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು ಎಂದು ನಗುವ ನಮ್ಮವರಿಗೆ, ಆ ಆಟದ ಅಂಚಿನಲ್ಲಿ ನಿಂತು, ಮಳೆ ಬರಲಿ ಹಿಮ ಬೀಳಲಿ, ಮೂರು ಗಂಟೆ ಕಾಲ ನಗು ಮಾಸದಂತೆ ಕುಣಿದು ಜನರನ್ನು ಹುರಿದುಂಬಿಸುವ ಚಿಯರ್‌ಲೀಡರ್‌ಗಳದ್ದೂ ಒಂದು ವೃತ್ತಿ, ಅದಕ್ಕೂ ಅದರದೇ ಶಿಸ್ತುಂಟು ಎಂಬುದು ಬಹುಕಾಲ ತಿಳಿದಿರಲಿಲ್ಲ. ಅದನ್ನು ತಿಳಿಸಿಕೊಟ್ಟವರು, ರಾರಿಟನ್ ಹೆರನ್ಸ್ ಎಂಬ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳ ಉಡುಪನ್ನು ಇಪ್ಪತ್ತೆರಡು ಸೀಸನ್‌ಗಳ ಕಾಲ ಹೊಲಿದು ಈ ವರ್ಷ ಸೂಜಿ ಕೆಳಗಿಟ್ಟ ಶ್ರೀಮತಿ ಆರಿಫಾ ಬೇಗಂ ಅವರು. ಆ ಮೈದಾನದಲ್ಲಿ ಒಂದು ಹೆಜ್ಜೆಯನ್ನೂ ಕುಣಿಯದ ಅವರು, ಅಲ್ಲಿ ಕುಣಿದ ಪ್ರತಿಯೊಬ್ಬಳ ಸೊಂಟದ ಸುತ್ತಳತೆಯನ್ನೂ ಬಲ್ಲವರು. ಬಲ್ಲರಾದರೂ ಒಬ್ಬಳದ್ದನ್ನು ಇನ್ನೊಬ್ಬಳ ಮುಂದೆ ಬಾಯಿಬಿಟ್ಟವರಲ್ಲ. ಇಷ್ಟು ಹೇಳಿದರೆ ಅವರ ಅರ್ಧ ಪರಿಚಯ ಆದಂತೆಯೇ.

ಉಳಿದರ್ಧ ತಿಳಿಯಬೇಕಾದರೆ ಮೈಸೂರಿನ ಮಂಡಿ ಮೊಹಲ್ಲಾದಲ್ಲಿದ್ದ ಅವರ ತಂದೆ ಪೀರ್ ಅಹ್ಮದ್ ಅವರ ಹೊಲಿಗೆ ಅಂಗಡಿಗೆ ಹೋಗಬೇಕು. ರವಿಕೆ ಹೊಲಿಯುವಾಗ ಪಕ್ಕದಲ್ಲಿ ಧಾರಾಳವಾಗಿ ಒಳಬಟ್ಟೆ ಬಿಡುವುದು, ಅದರ ಮೇಲೆ ಸಾಲಾಗಿ ಮೂರು ಹೊಲಿಗೆ ಹಾಕುವುದು ಆ ಅಂಗಡಿಯ ಪದ್ಧತಿ. ತೊಡುವವರು ದಪ್ಪಗಾದಂತೆಲ್ಲ ಒಂದೊಂದೇ ಹೊಲಿಗೆ ಬಿಚ್ಚಿಕೊಂಡರಾಯಿತು. "ನಾಳೆಗೆ ಅಂತ ಬಿಟ್ಟಿದೀನಿ ತಾಯಿ" ಎಂದು ಪೀರ್ ಅಹ್ಮದ್ ಅವರು ಪ್ರತಿ ಗಿರಾಕಿಗೂ ಹೇಳುತ್ತಿದ್ದರಂತೆ. ದರ್ಜಿಯ 'ನಾಳೆ ಬನ್ನಿ'ಯನ್ನು ನಂಬಿ ಹಬ್ಬದ ದಿನ ಹಳೆಯ ರವಿಕೆ ತೊಟ್ಟವರು ನಮ್ಮಲ್ಲಿ ಎಷ್ಟಿಲ್ಲ! ಆದರೆ ಪೀರ್ ಅಹ್ಮದ್ ಅವರ ಈ ನಾಳೆ ಮಾತ್ರ ಯಾರಿಗೂ ಕೈಕೊಟ್ಟದ್ದಿಲ್ಲ.

ಪತಿ ಅಕೀಲ್ ಅವರ ಉದ್ಯೋಗದ ನಿಮಿತ್ತ ಅಮೆರಿಕದ ಪಾರ್ಸಿಪನಿಗೆ ಬಂದ ಆರಿಫಾ ಅವರು ೨೦೦೩ರಲ್ಲಿ ಹೆರನ್ಸ್ ತಂಡ ಸೇರಿದರು. ಮೊದಲ ಸೀಸನ್ನಿಗೆ ಇಪ್ಪತ್ತೆಂಟು ಉಡುಪು ಹೊಲಿದು ಮುಂದಿಟ್ಟಾಗ ಚಿಯರ್‌ಲೀಡರ್‌ಗಳ ನಿರ್ದೇಶಕಿ ಡೆನಿಸ್ ಒಂದನ್ನು ತಿರುವಿ ನೋಡಿ ಹೌಹಾರಿದರು. ಎರಡೂ ಪಕ್ಕದಲ್ಲಿ ಒಂದೂವರೆ ಇಂಚು ಹೆಚ್ಚಿನ ಬಟ್ಟೆ, ಸಾಲದ್ದಕ್ಕೆ ಮೂರು ಮೂರು ಹೊಲಿಗೆ! ಇದೇನಿದು ಎಂದು ಕೇಳಿದರು. ಆಗಿನ್ನೂ ಇಂಗ್ಲಿಷ್ ಅಷ್ಟಾಗಿ ಹಿಡಿತಕ್ಕೆ ಸಿಗದ ಆರಿಫಾ ಅವರು ತಂದೆಯ ಮಾತನ್ನೇ ನಂಬಿ, "ಫಾರ್ ಟುಮಾರೋ" ಎಂದರು. ಹೆಚ್ಚಿನ ಬಟ್ಟೆಯನ್ನು ನಾಳೆ ಕತ್ತರಿಸುತ್ತಾರೆ ಎಂದುಕೊಂಡ ಡೆನಿಸ್ "ಓಕೆ" ಎಂದರು. ಪದ್ಧತಿಗೆ ಒಪ್ಪಿಗೆ ಸಿಕ್ಕಿತೆಂದು ಆರಿಫಾ ಹಿಗ್ಗಿದರು. ಈ ಅಪಾರ್ಥ ಹದಿಮೂರು ವರ್ಷ ಯಾರಿಗೂ ತೊಂದರೆ ಕೊಡದೆ ಬಾಳಿತು.

ತಲೆಯ ಮೇಲಿನ ದುಪಟ್ಟಾ ಜಾರಗೊಡದ ಈ ಹೆಂಗಸು ಮೊಣಕಾಲು ಮುಟ್ಟದ ಲಂಗ ಹೊಲಿಯುತ್ತಾರೆಂದು ಇಲ್ಲಿನ ನಮ್ಮ ಕನ್ನಡಿಗರಲ್ಲಿ ಗುಸುಗುಸು ಇಲ್ಲದಿರಲಿಲ್ಲ. ಜೆರಿಕೋ ಎಂಬ ಊರಲ್ಲೊಂದು ಮದುವೆ ಊಟಕ್ಕೆ ಕುಳಿತಾಗ ಒಬ್ಬರು ಮುಖಕ್ಕೇ ಕೇಳಿದರು: "ಇಂಥಾ ಬಟ್ಟೆ ಹೊಲೀತೀರಲ್ಲ ಆಂಟಿ, ಏನೂ ಅನ್ಸಲ್ವಾ?"

"ಬಟ್ಟೆ ಇರೋ ಕಡೆ ಮಾತ್ರ ನನ್ನ ಕೆಲಸ ಕಣಮ್ಮ. ಇಲ್ಲದ ಕಡೆಗೆ ನಾನು ಜವಾಬ್ದಾರಳಲ್ಲ" ಎಂದು ಆರಿಫಾ ಅವರು ಮತ್ತೆರಡು ಚಮಚ ಬಿರಿಯಾನಿ ಬಡಿಸಿಕೊಂಡರು. ಆಮೇಲೆ ಯಾರೂ ಕೇಳಲಿಲ್ಲ.

ಅವರ ಸೇವೆಯ ಎಲ್ಲ ಪ್ರಸಂಗಗಳನ್ನೂ ಇಲ್ಲಿ ಹೇಳಹೊರಟರೆ ಸಂಪಾದಕರು ಕತ್ತರಿ ಹಿಡಿಯುತ್ತಾರೆ. ಆದ್ದರಿಂದ ೨೦೧೬ರ ಡಿಸೆಂಬರಿನ ಒಂದು ಗುರುವಾರವನ್ನು ಮಾತ್ರ ನೆನೆಯುತ್ತೇವೆ.

ಮೂಲ್ಕಿ ಕಡೆಯಿಂದ ಬಂದು ಪಾರ್ಸಿಪನಿಯಲ್ಲಿ ಮೋಟೆಲ್ ನಡೆಸುವ ಮೋನಪ್ಪನವರ ಮಗಳು ಪ್ರಣೀತಾ, ವಾರವೆಲ್ಲ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್, ಭಾನುವಾರ ಹೆರನ್ಸ್‌ನ ಚಿಯರ್‌ಲೀಡರ್. ಮೂರು ವರ್ಷ ಆಯ್ಕೆಯ ಸಾಲಿನಲ್ಲಿ ನಿಂತು ಗಳಿಸಿದ ಸ್ಥಾನ ಅದು. ಮೋನಪ್ಪನವರೋ, ಮಗಳು ಭಾನುವಾರ ಯೋಗ ಕ್ಲಾಸಿಗೆ ಹೋಗುತ್ತಾಳೆಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದವರು, ಒಂದು ದಿನವೂ ಆಟಕ್ಕೆ ಬಂದವರಲ್ಲ. ಆ ಶರತ್ಕಾಲದಲ್ಲಿ ಹುಡುಗಿಗೆ ಕೀಲುಗಳ ಕಾಯಿಲೆ ಹಿಡಿದು ನಾಲ್ಕು ಆಟ ತಪ್ಪಿದವು. ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ಡಾಕ್ಟರನ್ನು ಕೇಳಿದ್ದು ಒಂದೇ: ಮತ್ತೆ ಯಾವಾಗ ಕುಣಿಯಬಹುದು? ಅದನ್ನು ಕೇಳಿಸಿಕೊಂಡ ಮೋನಪ್ಪನವರು ಸದ್ದಿಲ್ಲದೆ ಸೀಸನ್ನಿನ ಕೊನೆಯ ಆಟಕ್ಕೆ ಒಂದು ಟಿಕೆಟ್ ತೆಗೆದರು.

ಡಾಕ್ಟರ್ ಒಪ್ಪಿದರು. ಆದರೆ ಸ್ಟಿರಾಯ್ಡ್ ಮಾತ್ರೆಗಳಿಂದ ಹುಡುಗಿಯ ಮೈ ಊದಿಕೊಂಡಿತ್ತು. ಆಟಕ್ಕೆ ಮುಂಚಿನ ಗುರುವಾರ ಎಲ್ಲರೂ ಉಡುಪು ತೊಟ್ಟು ತೋರಿಸಬೇಕು, ಜಿಪ್ ಮುಚ್ಚದವರು ಮೈದಾನಕ್ಕಿಳಿಯುವಂತಿಲ್ಲ ಎಂಬುದು ತಂಡದ ನಿಯಮ. ಸತತ ಐದು ಆಟ ತಪ್ಪಿದವರ ಒಪ್ಪಂದ ರದ್ದು ಎಂಬುದು ಇನ್ನೊಂದು. ಸೀಸನ್ ಶುರುವಾದ ಮೇಲೆ ಉಡುಪಿಗೆ ಒಂದಿಂಚು ಬಟ್ಟೆ ಸೇರಿಸುವಂತಿಲ್ಲ, ಒಂದಿಂಚು ತೆಗೆಯುವಂತಿಲ್ಲ ಎಂಬುದು ಮತ್ತೊಂದು. ಪ್ರಣೀತಾಳ ಜಿಪ್ ಮೂರು ಬೆರಳಿನಷ್ಟು ದೂರದಲ್ಲೇ ನಿಂತುಬಿಟ್ಟಿತು.

"ಇಟ್ಸ್ ಓವರ್, ಆಂಟಿ. ಅಪ್ಪ ಫಸ್ಟ್ ಟೈಮ್ ಬರ್ತಾ ಇದಾರೆ, ನಾನೇ ಇರಲ್ಲ" ಎಂದು ಹುಡುಗಿ ಗೋಡೆಗೆ ಮುಖ ಮಾಡಿದಳು. ಡೆನಿಸ್ ಕೆಟ್ಟವರಲ್ಲ, ಕಾಗದದಲ್ಲಿದ್ದುದನ್ನು ಮೀರಲು ಅವರಿಗೂ ಕೈಕಟ್ಟಿತ್ತು. ಹೆಸರಿನ ಪಟ್ಟಿ ಹಿಡಿದು ಪೆನ್ನು ತೆಗೆದರು.

ನಿರ್ದೇಶಕಿಗೆ ಎಂದೂ ಎದುರಾಡಿದವರಲ್ಲ ಆರಿಫಾ ಅವರು. ಆದರೂ ಆ ಉಡುಪನ್ನು ಬಿಚ್ಚಿಸಿ, ಒಳಮಗ್ಗುಲು ಹೊರಗೆ ಮಾಡಿ ಮೇಜಿನ ಮೇಲೆ ಹಾಸಿದರು. "ಡೆನಿಸ್, ಟುಮಾರೋ ಇದೆ" ಎಂದರು.

ಡೆನಿಸ್ ಕಣ್ಣರಳಿಸಿದರು. "ಇದನ್ನು ಕತ್ತರಿಸ್ತೀನಿ ಅಂದಿದ್ರಲ್ಲ!"

"ಟುಮಾರೋ ಅಂದೆ. ಕತ್ತರಿಸ್ತೀನಿ ಅಂತ ಯಾವಾಗ ಅಂದೆ?"

"ಬಟ್ಟೆ ಸೇರಿಸೋ ಹಾಗಿಲ್ಲ ಆರಿಫಾ."

"ಸೇರಿಸ್ತಾ ಇಲ್ಲ, ತೆಗೀತಾನೂ ಇಲ್ಲ. ಬರೀ ದಾರ ಬಿಚ್ತಾ ಇದೀನಿ."

ಡೆನಿಸ್ ನಿಯಮದ ಕಾಗದವನ್ನು ಎರಡು ಸಲ ಓದಿದರು. ದಾರದ ಮಾತು ಅದರಲ್ಲೆಲ್ಲೂ ಇರಲಿಲ್ಲ. ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡು, ನಾಲ್ಕು ಗಂಟೆಯೊಳಗೆ ಜಿಪ್ ಮುಚ್ಚಿರಬೇಕು ಎಂದು ಹೇಳಿ ಹೊರಟರು.

ಎರಡೂ ಪಕ್ಕದಲ್ಲಿ ಎರಡೆರಡು ಹೊಲಿಗೆ ಬಿಚ್ಚಿ, ಬಟ್ಟೆ ಹೊರಗೆಳೆದು ಇಸ್ತ್ರಿ ಮಾಡಿದ ಮೇಲೆ ಜಿಪ್ ಮುಚ್ಚಿತು. ಆದರೆ ಇಷ್ಟು ದಿನ ಬೆಳಕು ಕಾಣದ ಒಳಬಟ್ಟೆ ಕಡುನೀಲಿಯಾಗೇ ಉಳಿದಿತ್ತು. ಬಿಸಿಲಿಗೆ ಮಾಸಿದ ಹೊರಬಟ್ಟೆಯ ನಡುವೆ ಅದು ಪಟ್ಟೆಯಂತೆ ಎದ್ದು ಕಾಣುತ್ತಿತ್ತು. ಹಳೆಯ ಸೂಜಿಯ ತೂತುಗಳು ಬೇರೆ. ಆರಿಫಾ ಅವರು ತಮ್ಮ ಡಬ್ಬಿಯಿಂದ ಬೆಳ್ಳಿಬಣ್ಣದ ಹರಳು ತೆಗೆದು, ಕಂಕುಳಿಂದ ಸೊಂಟದವರೆಗೆ ಎರಡು ಸಾಲು ಕೂರಿಸಿ ಎಲ್ಲವನ್ನೂ ಮುಚ್ಚಿಬಿಟ್ಟರು. ಡೆನಿಸ್ ಹುಬ್ಬೇರಿಸಿದಾಗ, "ಕಲ್ಲು. ಬಟ್ಟೆ ಅಲ್ಲ" ಎಂದರು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಭಾನುವಾರ ಕೊರೆಯುವ ಚಳಿ. ಗೇಟಿನಲ್ಲಿ ದಿಕ್ಕು ತೋಚದೆ ನಿಂತಿದ್ದ ಮೋನಪ್ಪನವರಿಗೆ ಆರಿಫಾ ಅವರೇ ಸೀಟು ತೋರಿಸಿ, "ಪಕ್ಕದಲ್ಲಿ ಹರಳಿನ ಸಾಲು ಇರೋಳು ನಿಮ್ಮ ಮಗಳು" ಎಂದು ಹೇಳಿ ಹೋದರು. ಹೆರನ್ಸ್ ಆ ದಿನ ಸೋತಿತು, ಅದು ಬೇರೆ ಮಾತು. ಆಟ ಮುಗಿದ ಮೇಲೆ ಮೋನಪ್ಪನವರು ಹುಡುಕಿಕೊಂಡು ಬಂದರು.

"ಆರಿಫಕ್ಕ, ಎಲ್ಲ ಒಂದೇ ನಮೂನೆ ಕಾಣ್ತಾರೆ, ಎಂತ ಮಾಡುದು? ಆಮೇಲೆ ಆ ಮಿಂಚುವ ಗೆರೆ ಉಂಟಲ್ಲ, ಅದು ಕಂಡಿತು. ಓ, ಅವಳೇ ನಮ್ಮವಳು ಅಂತ ಎದ್ದು ನಿಂತೆ. ಹಿಂದಿನವರು ಬೈದರು. ನಾನು ಕೂತ್ಕೊಳ್ಳಲೇ ಇಲ್ಲ." ಆಮೇಲೆ ಅವರ ಬಾಯಲ್ಲಿ ಯೋಗ ಕ್ಲಾಸಿನ ಸುದ್ದಿ ಬರಲಿಲ್ಲ.

ಮರುವರ್ಷ ಉಳಿದ ಹುಡುಗಿಯರೆಲ್ಲ ತಮಗೂ ಹರಳಿನ ಸಾಲು ಬೇಕೆಂದು ಹಟ ಹಿಡಿದರು. ಪಟ್ಟೆ ಮುಚ್ಚಲು ಹುಟ್ಟಿದ ಅಲಂಕಾರ ಇಂದಿಗೂ ಆ ತಂಡದ ಗುರುತಾಗಿ ಉಳಿದಿದೆ. ಡೆನಿಸ್ ಅವರು ಹೋರಾಡಿ ಗುರುವಾರದ ಜಿಪ್ ಪರೀಕ್ಷೆಯನ್ನೇ ತೆಗೆಸಿಹಾಕಿದರು. ಒಳಗೆ ಬಿಡುವ ಬಟ್ಟೆಗೆ ಅಲ್ಲಿ ಈಗ 'ಟುಮಾರೋ' ಎಂದೇ ಹೆಸರು, "ನನ್ನದರಲ್ಲಿ ಇನ್ನೆಷ್ಟು ಟುಮಾರೋ ಇದೆ?" ಎಂದು ಅಮೆರಿಕನ್ ಹುಡುಗಿಯರು ಕೇಳುವಾಗ, ಅದು ಮಂಡಿ ಮೊಹಲ್ಲಾದ ಮಾತು ಎಂಬುದು ಅವರಿಗೇನು ಗೊತ್ತು!

ಕಳೆದ ವರ್ಷದಿಂದ ಸೂಜಿಗೆ ದಾರ ಪೋಣಿಸಲು ಆರಿಫಾ ಅವರ ಕಣ್ಣು ಸಹಕರಿಸುತ್ತಿಲ್ಲ. ತಾವಾಗಿಯೇ ಕೆಲಸ ಬಿಡುವುದಾಗಿ ಹೇಳಿದರು. ಬೀಳ್ಕೊಡುಗೆಯ ಮಧ್ಯಾಹ್ನ, ಈಗ ತಂಡದ ತರಬೇತುದಾರಳಾಗಿರುವ ಪ್ರಣೀತಾ ಮತ್ತು ಹುಡುಗಿಯರು ತಾವೇ ಹೊಲಿದ ನೀಲಿ ಜಾಕೆಟ್ಟೊಂದನ್ನು ಅವರಿಗೆ ಕೊಟ್ಟರು. ತೊಡುವ ಮೊದಲೇ ಆರಿಫಾ ಅವರು ಅಭ್ಯಾಸಬಲದಿಂದ ಅದನ್ನು ತಿರುವಿ ನೋಡಿದರು. ಎರಡೂ ಪಕ್ಕದಲ್ಲಿ ಧಾರಾಳ ಬಟ್ಟೆ, ಅದರ ಮೇಲೆ ಮೂರು ಮೂರು ಹೊಲಿಗೆ.

"ಹೊಲಿಗೆ ಎಲ್ಲಾ ಸೊಟ್ಟ ಇದೆ" ಎಂದರು. ಹಾಗೆನ್ನುತ್ತಲೇ ಅತ್ತುಬಿಟ್ಟರು.

ಈಗ ಪ್ರತಿ ಶನಿವಾರ ಪಿಸ್ಕಾಟವೇ ಊರಿನ ತಮ್ಮ ಮನೆಯಲ್ಲಿ ಅವರು ಆಸಕ್ತರಿಗೆ ಹೊಲಿಗೆ ಕಲಿಸುತ್ತಿದ್ದಾರೆ. ದಾರ ಪೋಣಿಸುವುದು ಶಿಷ್ಯರ ಪಾಲಿನ ಗುರುದಕ್ಷಿಣೆ. ಆ ಜಾಕೆಟ್ಟಿನ ಮೂರು ಹೊಲಿಗೆಗಳನ್ನೂ ಒಂದೊಂದಾಗಿ, ಅವಸರವಿಲ್ಲದೆ ಬಿಚ್ಚುವಷ್ಟು ಆಯುರಾರೋಗ್ಯ ಅವರಿಗೆ ಒದಗಲಿ. ಹೊಲಿಯಲು ಕೊಟ್ಟ ಬಟ್ಟೆ ಕೇಳಲು ಹೋದ ನಮಗೆಲ್ಲ ಅವರು "ನಾಳೆ ಬನ್ನಿ" ಎಂದು ಇನ್ನೂ ಬಹಳ ವರ್ಷ ಹೇಳುತ್ತಿರಲಿ. ನಾವು ಬೇಸರಿಸದೆ ಹೋಗುತ್ತಿರುತ್ತೇವೆ.